ಕಳ್ಳ ತಿರುಚಿ ಬಿಟ್ಟುಹೋದ ಇಗ್ನಿಶನ್

ಕಾರು ನಿಲ್ಲಿಸಿದಲ್ಲೇ ಇದೆ. ಆದರೆ ಸ್ಟೇರಿಂಗ್ ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ಒಡೆದಿದೆ, ಸ್ಕ್ರೂಡ್ರೈವರ್ ತುರುಕಿದ್ದಕ್ಕೆ ಕೀ ಹಾಕುವ ತೂತು ಅಗಲವಾಗಿದೆ, ಒಂದೆರಡು ವೈರು ಜೋತುಬಿದ್ದಿವೆ. ರೈಲ್ವೆ ಸ್ಟೇಷನ್ ಎದುರು ಗಾಡಿ ಬಿಟ್ಟು ನಾಲ್ಕು ದಿನ ಊರಿಗೆ ಹೋಗಿಬರುವ ಕಾರವಾರ, ಕುಮಟಾದವರು ಇದಕ್ಕೆ ಸಿದ್ಧರಿರುವುದು ಒಳ್ಳೆಯದು.

ಆಗ ಎಲ್ಲರ ಕೈಯೂ ಮೊದಲು ಕಿಸೆಯಲ್ಲಿರುವ ಕೀಗೇ ಹೋಗುತ್ತದೆ. ಹಾಕಬೇಡಿ. ಸಿಲಿಂಡರಿನೊಳಗಿನ ತೆಳು ಹಿತ್ತಾಳೆ ಪಟ್ಟಿಗಳು ಬಾಗಿರುತ್ತವೆ. ಒತ್ತಿ ತಿರುಗಿಸಿದರೆ ಕೀ ಅಲ್ಲೇ ಮುರಿದು ಕೂರುತ್ತದೆ. ಫೋಟೋ ತೆಗೆಯಿರಿ, 112ಕ್ಕೆ ಫೋನ್ ಮಾಡಿ, ಬಿಚ್ಚುವ ಮೊದಲೇ ವಿಮೆ ಕಂಪನಿಗೂ ತಿಳಿಸಿ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಈ ಖರ್ಚಿಗೆ ಏನೂ ಸಿಗದು. ಫುಲ್ ಇನ್ಶೂರೆನ್ಸ್ ಇದ್ದರೂ ಲೆಕ್ಕ ಹಾಕಿಯೇ ಕ್ಲೇಮ್ ಮಾಡಿ: 1500 ಸಿಸಿವರೆಗಿನ ಕಾರಿಗೆ 1000 ರೂಪಾಯಿ ಕಡ್ಡಾಯವಾಗಿ ಕಡಿತ, ಪ್ಲಾಸ್ಟಿಕ್ ಭಾಗಗಳಿಗೆ ಸಾಮಾನ್ಯವಾಗಿ ಅರ್ಧ ಬೆಲೆ ಸವಕಳಿಗೆ, ಮೇಲಿಂದ ನೋ ಕ್ಲೇಮ್ ಬೋನಸ್ ಕೈತಪ್ಪುತ್ತದೆ. ಚಿಕ್ಕ ಕಾರಿಗೆ ಹಲವು ಸಲ ಕೈಯಿಂದ ಕೊಡುವುದೇ ಅಗ್ಗ.

ಕೆಲಸಕ್ಕೆ ಕೈ ಹಾಕುವಾಗ ಹತ್ತು ನಂಬರಿನ ಪಾನಾದಿಂದ ಬ್ಯಾಟರಿಯ ಮೈನಸ್ ಬಿಚ್ಚಿ. ಏರ್‌ಬ್ಯಾಗ್ ಇದ್ದರೆ ಕೆಲವು ನಿಮಿಷ ಸುಮ್ಮನೆ ಕಾಯಿರಿ.

ಇಗ್ನಿಶನ್ ಎಂದು ನಾವು ಕರೆಯುವುದರಲ್ಲಿ ಮೂರು ಬೇರೆ ಬೇರೆ ಸಾಮಾನುಗಳಿವೆ: ಕೀ ಹೋಗುವ ಸಿಲಿಂಡರ್, ಅದರ ಬೆನ್ನಿಗಿರುವ ವಿದ್ಯುತ್ ಸ್ವಿಚ್, ಸ್ಟೇರಿಂಗ್ ಕಂಬಕ್ಕೆ ಅಡ್ಡ ಬೀಳುವ ಲಾಕ್ ಪಿನ್. ಕಣ್ಣಿಗೆ ಬೀಳುವುದು ಸಿಲಿಂಡರ್ ಒಂದೇ. ಅದನ್ನಷ್ಟೇ ಬದಲಿಸಿ ಗಾಡಿ ಕೊಡುವ ಗ್ಯಾರೇಜುಗಳಿವೆ, ಅದು ಅಪಾಯ. ಕಳ್ಳ ಸ್ಟೇರಿಂಗನ್ನು ಜೋರಾಗಿ ಎಳೆದಾಡಿದ್ದರೆ ಪಿನ್ ಬಾಗಿರುತ್ತದೆ ಅಥವಾ ಅದರ ಸ್ಪ್ರಿಂಗ್ ಕುಂಟುತ್ತಿರುತ್ತದೆ. ಕುಮಟಾ-ಶಿರಸಿ ದಾರಿಯ ದೇವಿಮನೆ ಘಾಟಿಯ ತಿರುವಿನಲ್ಲಿ ಅದು ತಾನಾಗಿ ಹೊರಗೆ ಬಂದರೆ ಸ್ಟೇರಿಂಗ್ ತಿರುಗುವುದೇ ಇಲ್ಲ.

ಸ್ವಿಚ್ಚಿಗೆ ಹೋದ ಕನೆಕ್ಟರ್ ಕಿತ್ತು ನೋಡಿ. ಒಂದು ಪಿನ್ನಿಗೆ ಬ್ಯಾಟರಿಯಿಂದ ಸದಾ ಕರೆಂಟು. ಉಳಿದವು ಆಕ್ಸೆಸರಿ (ರೇಡಿಯೋದಂಥವು), ಇಗ್ನಿಶನ್, ಸೆಲ್ಫ್ (ಸ್ಟಾರ್ಟರ್ ಮೋಟರ್). ಬಣ್ಣ ನಂಬಬೇಡಿ, ಮಾಡೆಲ್‌ಗೊಂದು ಬಣ್ಣ. ಆ ಗಾಡಿಯ ವೈರಿಂಗ್ ನಕ್ಷೆಯೇ ಬೇಕು. ಪರೀಕ್ಷೆಯ ಮಟ್ಟಿಗೆ ಕನೆಕ್ಟರ್ ಮತ್ತೆ ಸಿಕ್ಕಿಸಿ, ಬ್ಯಾಟರಿ ಜೋಡಿಸಿ, ಸ್ವಿಚ್ ಆನ್ ಮಾಡಿ; ಮುಗಿದ ಮೇಲೆ ಮೈನಸ್ ಮತ್ತೆ ಬಿಚ್ಚಿ. ಮಲ್ಟಿಮೀಟರ್ 12 ವೋಲ್ಟ್ ತೋರಿಸಿತೆಂದು ಸಮಾಧಾನ ಪಡಬೇಡಿ. ಕಾಂಟ್ಯಾಕ್ಟ್ ಸುಟ್ಟಿದ್ದರೂ ಮೀಟರಿಗೆ ಬೇಕಾದ ಚೂರು ಕರೆಂಟು ಹರಿಯುತ್ತದೆ. ಇಂಡಿಕೇಟರಿನ 21 ವ್ಯಾಟ್ ಬಲ್ಬನ್ನು ಇಗ್ನಿಶನ್ ಪಿನ್ನಿಗೂ ಕಾರಿನ ಬಾಡಿಗೂ ಕಟ್ಟಿ ನೋಡಿ; ಮಂಕಾಗಿ ಉರಿದರೆ ಸ್ವಿಚ್ ಹೋಗಿದೆ. ಇನ್ನೊಂದು ಗುರುತು: ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ, ಕೀ ಬಿಟ್ಟ ಕ್ಷಣ ಒಮ್ಮೆ ಹಿಡಿದಂತಾಗುತ್ತದೆ. ಸೆಲ್ಫ್ ಹೊಡೆಯುವಾಗಲೂ ಇಗ್ನಿಶನ್ ಪಿನ್ನಿಗೆ ಕರೆಂಟು ಇರಬೇಕು, ಅದು ತಪ್ಪಿಹೋಗುತ್ತಿದೆ ಎಂದರ್ಥ.

ಲಾಕ್ ಬಿಚ್ಚುವಾಗ ಹೆಚ್ಚಿನವರು ಸೋಲುವುದು ಎರಡು ಬೋಲ್ಟಿನ ಹತ್ತಿರ. ಬಿಗಿದ ಮೇಲೆ ತಲೆ ತಾನೇ ತುಂಡಾಗುವ ಬೋಲ್ಟುಗಳವು, ಪಾನಾ ಕೂರುವುದಿಲ್ಲ. ಅಂಚಿನಲ್ಲಿ ಸಣ್ಣ ಚಾಣ ಇಟ್ಟು ಎಡಕ್ಕೆ ತಿರುಗುವಂತೆ ಮೆಲ್ಲಗೆ ಬಡಿಯಿರಿ. ಅದಕ್ಕೂ ಜಗ್ಗದಿದ್ದರೆ ನಡುವೆ ಸೆಂಟರ್ ಪಂಚ್‌ನಿಂದ ಗುಳಿ ಹೊಡೆದು, 3 ಎಂಎಂ ಬಿಟ್‌ನಿಂದ ತೂತು ಕೊರೆದು, ತಲೆ ಹೋದ ಬೋಲ್ಟನ್ನು ಹೊರಗೆಳೆಯುವ ಈಜಿ-ಔಟ್ ಹಾಕಿ. ಹೊಸ ಲಾಕ್ ಕೂರಿಸುವಾಗ ಕೀ ಹಾಕಿ ಒಂದು ಹೆಜ್ಜೆ ತಿರುಗಿಸಿಯೇ ಇಡಿ, ಇಲ್ಲದಿದ್ದರೆ ಲಾಕ್ ಪಿನ್ ಹೊರಗಿದ್ದು ಕಂಬದ ತೂತಿಗೆ ಸರಿಯಾಗಿ ಕೂರದು. ಹೊಸ ಬೋಲ್ಟುಗಳನ್ನು ಮೊದಲು ಕೈಬಿಗಿ ಮಾತ್ರ ಮಾಡಿ, ಪಿನ್ ಬಿದ್ದು ಏಳುವುದನ್ನು ಹತ್ತು ಸಲ ನೋಡಿ, ಆಮೇಲೆಯೇ ತಲೆ ಮುರಿಯಿರಿ.

ಚಿಪ್ ಇರುವ ಕೀಯಾದರೆ ಹಳೆಯದನ್ನು ಎಸೆಯಬೇಡಿ. ಚಿಪ್ ಸಾಮಾನ್ಯವಾಗಿ ಕೀಯ ತಲೆಯೊಳಗಿರುತ್ತದೆ. ಅದನ್ನು ಹೊಸ ಕೀಗೆ ದಾಟಿಸಿದರೆ ಪ್ರೋಗ್ರಾಮಿಂಗ್ ಖರ್ಚು ಉಳಿಯಬಹುದು. ಲಾಕಿನ ಬಾಯಿಗೆ ಸುತ್ತಿಕೊಂಡ ಪ್ಲಾಸ್ಟಿಕ್ ಬಳೆ ಒಡೆದಿದೆಯೇ ನೋಡಿ, ಚಿಪ್ ಓದುವ ಕಾಯಿಲ್ ಅದರೊಳಗಿದೆ. ಅದು ಹೋದರೆ ಕೀ ಎಷ್ಟೇ ಸರಿಯಿದ್ದರೂ ಎಂಜಿನ್ ಸ್ಟಾರ್ಟ್ ಆಗದು.

ಇನ್ನು ವೈರು. ಕರಾವಳಿಯಲ್ಲಿ ಹೊಸೆದು ಕಪ್ಪು ಟೇಪ್ ಸುತ್ತಿದ ಜೋಡಣೆಗೆ ಒಂದು ಮಳೆಗಾಲದ ಆಯುಸ್ಸು. ಉಪ್ಪುಗಾಳಿಗೆ ಟೇಪಿನೊಳಗೆ ಹಸಿರು ಕಿಲುಬು ಹಿಡಿದು, ಶ್ರಾವಣದಲ್ಲೊಂದು ದಿನ ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ. ತಾಮ್ರ ಹೊಳೆಯುವವರೆಗೆ ಹಿಂದಕ್ಕೆ ಕತ್ತರಿಸಿ, ಅಷ್ಟೇ ದಪ್ಪದ ವೈರು ಸೇರಿಸಿ, ಬೆಸುಗೆ ಹಾಕಿ, ಒಳಮೈಗೆ ಅಂಟು ಸವರಿದ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ನಳಿಕೆ) ಏರಿಸಿ. ಆ ನಳಿಕೆಯನ್ನು ಬೆಸುಗೆಗೆ ಮೊದಲೇ ವೈರಿಗೆ ಪೋಣಿಸಬೇಕು. ಮರೆತು ಮತ್ತೆ ಬಿಚ್ಚುವವರೇ ಹೆಚ್ಚು. ಜೋಡಣೆಗಳು ಒಂದರ ಪಕ್ಕ ಒಂದು ಬಾರದಂತೆ ಎರಡು ಮೂರು ಸೆಂಟಿಮೀಟರ್ ಹಿಂದೆ ಮುಂದೆ ಇಡಿ.

ಹುಬ್ಬಳ್ಳಿಯಿಂದ ಲಾಕ್ ಸೆಟ್ ಬರುವ ತನಕ ಪುಶ್ ಬಟನ್ ಹಾಕಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಬೇಡವೆನ್ನಿ. ಆ ‘ತನಕ’ ವರ್ಷಗಟ್ಟಲೆ ಎಳೆಯುತ್ತದೆ, ಸ್ಟೇರಿಂಗ್ ಲಾಕ್ ಇಲ್ಲದ ಗಾಡಿ ಮುಂದಿನ ಕಳ್ಳನಿಗೆ ಸಲೀಸು.

ಬ್ಯಾಟರಿ ಜೋಡಿಸಿ ಸ್ಟಾರ್ಟ್ ಮಾಡಿದಾಗ ಕೀ ಸೆಲ್ಫಿನಿಂದ ತಾನಾಗಿ ಹಿಂದಕ್ಕೆ ಬರಬೇಕು. ಬಾರದಿದ್ದರೆ ಕಿರ್ರೆನ್ನುತ್ತಾ ಸೆಲ್ಫ್ ಮೋಟರ್ ಸುಡುತ್ತದೆ. ಆನ್ ಇರುವಾಗ ಕೀ ಎಳೆದರೂ ಹೊರಗೆ ಬರಬಾರದು. ಲಾಕಿಗೆ ಗ್ರಾಫೈಟ್ ಪುಡಿ ಒಂದು ಚಿಟಿಕೆ ಸಾಕು. ತೆಂಗಿನೆಣ್ಣೆ ಬಿಡಬೇಡಿ, ಮರಳು ಧೂಳು ಸೇರಿ ಆರು ತಿಂಗಳಲ್ಲಿ ಜಿಡ್ಡುಗಟ್ಟಿ ಕೀ ಸಿಕ್ಕಿಕೊಳ್ಳುತ್ತದೆ.