ಕಾಕಾ ಕೊಟ್ಟ ನಾಲ್ಕು ಕಾಳು

2023ರ ಜನವರಿ. ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವ ಕೆಲಸ ಖಾಲಿ ಇದೆ ಅಂತ ಗೊತ್ತಾಯಿತು. ಸಂದರ್ಶನಕ್ಕೆ ಇನ್ನೂ ಹನ್ನೆರಡು ದಿನ ಇತ್ತು.

ಅದಕ್ಕೆ ಎರಡು ತಿಂಗಳ ಹಿಂದೆ ಬೇರೊಂದು ಕಡೆ ಹೋಗಿ ಬಂದಿದ್ದೆ. ಬಿ.ಕಾಂ. ಪುಸ್ತಕ ಮತ್ತೆ ತಿರುವಿ ಹಾಕಿ, "ನಿಮ್ಮ ಬಗ್ಗೆ ಹೇಳಿ" ಅಂದರೆ ಏನು ಹೇಳಬೇಕು ಅಂತ ಬಾಯಿಪಾಠ ಮಾಡಿಕೊಂಡಿದ್ದೆ. ಅವರು ಅದನ್ನು ಕೇಳಲೇ ಇಲ್ಲ. "ನಾವು ಏನು ವ್ಯಾಪಾರ ಮಾಡ್ತೀವಿ, ಗೊತ್ತಾ?" ಅಂದರು. ಗೊತ್ತಿರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅಳು ತಡೆಯಲು ಆಗಲಿಲ್ಲ.

ಈ ಸಲ ಪುಸ್ತಕ ಆಮೇಲೆ, ಮೊದಲು ತೊಗರಿ ಅಂದುಕೊಂಡೆ. ನಮ್ಮ ಕಾಕಾ ನೆಹರೂ ಗಂಜಿನಲ್ಲಿ, ಅಂದರೆ ಊರಿನ ಧಾನ್ಯದ ಮಾರುಕಟ್ಟೆಯಲ್ಲಿ, ಹಮಾಲಿ ಮಾಡುತ್ತಾರೆ. ಬೆನ್ನ ಮೇಲೆ ಎಷ್ಟು ಸಾವಿರ ಚೀಲ ಹೊತ್ತಿದ್ದಾರೋ ಲೆಕ್ಕವಿಲ್ಲ. "ಕಾಕಾ, ನನಗ ಒಂದಿನ ಗಂಜಿಗೆ ಕರ್ಕೊಂಡು ಹೋಗ್ರಿ" ಅಂದೆ. "ನಿನಗ್ಯಾಕವ್ವಾ ಆ ಧೂಳು?" ಅಂದರು. ಆದರೂ ಮರುದಿನ ಬೆಳಿಗ್ಗೆ ಸೈಕಲ್ ತಳ್ಳಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಜನವರಿ ಅಂದರೆ ಹೊಸ ತೊಗರಿ ಬರುವ ಕಾಲ. ರೈತರ ಮಾಲು ಕಮಿಷನ್ ಮೇಲೆ ಮಾರಿಕೊಡುವ ಅಡತಿ ಅಂಗಡಿಗಳ ಮುಂದೆ ರಾಶಿ ರಾಶಿ ಸುರಿದಿತ್ತು. ಆ ವರ್ಷ ನೆಟೆ ರೋಗ ಬಡಿದು ಎಷ್ಟೋ ಹೊಲ ಒಣಗಿತ್ತು. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 6,600 ರೂಪಾಯಿ, ಗಂಜಿನಲ್ಲಿ ಅದಕ್ಕಿಂತ ಜಾಸ್ತಿಗೇ ಹೋಗುತ್ತಿತ್ತು. ಕಾಕಾ ಒಂದು ರಾಶಿಗೆ ಕೈ ಹಾಕಿ ನಾಲ್ಕು ಕಾಳು ನನ್ನ ಅಂಗೈಗೆ ಹಾಕಿದರು.

"ಹಲ್ಲಿಗಿ ಇಟ್ಟು ಕಡಿ."

ಕಡಿದೆ. ಮೆತ್ತಗೆ ಒತ್ತಿಕೊಂಡಿತು, ಒಡೆಯಲಿಲ್ಲ.

"ಇದು ಹಸಿ ಅದ. ತೂಕ ಬರ್ತದ, ಬ್ಯಾಳಿ ಬರಂಗಿಲ್ಲ. ಈಗ ಇದು ಕಡಿ."

ಪಕ್ಕದ ರಾಶಿಯ ಕಾಳು ಕಟ್ ಅಂತ ಎರಡಾಯಿತು. ಬೆಂಬಲ ಬೆಲೆಗೆ ಕೊಡುವಾಗ ತೇವಾಂಶ ಶೇ 12 ದಾಟಬಾರದು ಅಂತ ಓದಿದ್ದೆ. ಆ ಅಂಕಿ ನನ್ನ ಹಲ್ಲಿಗೆ ತಿಳಿದದ್ದು ಆವತ್ತು. ಅಡತಿಯವರು ರೈತರಿಗೆ ಕೊಡುವ ಪಟ್ಟಿಯನ್ನೂ ಕಾಕಾ ತೋರಿಸಿದರು. ತೂಕ ಎಲ್ಲಿ, ಹಮಾಲಿ ಎಲ್ಲಿ ಕಳೆಯುತ್ತಾರೆ, ಕೈಗೆ ಬರುವುದು ಎಷ್ಟು, ಎಲ್ಲ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ.

ಉಳಿದ ದಿನ ಕಂಪ್ಯೂಟರ್ ಕ್ಲಾಸಿನಲ್ಲಿ ಕೂತು ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ಸುಳ್ಳು ಮಿಲ್ ಒಂದನ್ನು ಕಟ್ಟಿದೆ. ತೊಗರಿ ಖರೀದಿ, ಬೇಳೆ ಮಾರಾಟ, ಲಾರಿ ಬಾಡಿಗೆ, ಎಲ್ಲ ಹಾಕಿದೆ. 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಆನ್‌ಲೈನ್‌ನಲ್ಲಿ ಮಾಡುವ ಬಿಲ್, ಯಾವಾಗ ಬೇಕು ಅಂತ ಓದಿದೆ. ಲೇಬಲ್ ಹಚ್ಚಿದ ಚೀಲದ ಬೇಳೆಗೆ ಜಿಎಸ್‌ಟಿ ನಿಯಮ 2022ರ ಜುಲೈ 18ರಿಂದ ಬದಲಾಗಿತ್ತು. ಅದನ್ನಂತೂ ಮೂರು ಸಲ ಓದಿದೆ. ಹಿಂದಿನ ದಿನ ಆಟೋದಲ್ಲಿ ಹುಮನಾಬಾದ್ ರಸ್ತೆಗೆ ಹೋಗಿ ಮಿಲ್ ಗೇಟು ನೋಡಿಕೊಂಡು ಬಂದೆ. ಅಂಗಳದಲ್ಲಿ ಎಣ್ಣೆ ಹಚ್ಚಿದ ತೊಗರಿ ಬಿಸಿಲಿಗೆ ಹರಡಿತ್ತು. ಹೆಂಗಸರು ಕಾಲಲ್ಲೇ ಸಾಲು ಎಳೆಯುತ್ತಾ ತಿರುವುತ್ತಿದ್ದರು. ಸಿಪ್ಪೆ ಸಡಿಲಾಗಲಿ ಅಂತ ಹಾಗೆ ಮಾಡುತ್ತಾರೆ.

ಸಂದರ್ಶನದಲ್ಲಿ ಮಾಲೀಕರು ಮತ್ತು ಲೆಕ್ಕ ನೋಡುವ ಹಳೆಯ ಮುನೀಮರು ಕೂತಿದ್ದರು. ನನ್ನ ಮಾರ್ಕ್ಸ್ ಕಾರ್ಡ್ ಕಡೆ ಒಂದು ನೋಟ ಹಾಕಿ ಮುನೀಮರು ಕೇಳಿದರು: "ನೂರು ಕ್ವಿಂಟಲ್ ತೊಗರಿ ಒಳಗ ಹೋತು. 72 ಕ್ವಿಂಟಲ್ ಬ್ಯಾಳಿ ಹೊರಗ ಬಂತು. ಉಳಿದ 28 ಎಲ್ಲಿ ಬರೀತೀ?"

ಗಂಜಿನ ಧೂಳು ಕಣ್ಣ ಮುಂದೆ ಬಂತು. "ಹೊಟ್ಟು, ಚುನ್ನಿ, ನುಚ್ಚು ಬೇರೆ ಬೇರೆ ಸ್ಟಾಕ್‌ಗೆ ಹಾಕ್ತೀನ್ರಿ. ದನದ ಮೇವಿಗೆ ಮಾರಾಟ ಆಗ್ತಾವಲ್ರಿ. ಕಸ, ಒಣಗಿ ಹೋದ ತೂಕ ಮಾತ್ರ ನಷ್ಟಕ್ಕೆ. ಅದು ದಿನಾ ಒಂದೇ ಸಮ ಇರಬೇಕು, ಜಾಸ್ತಿ ಆದ್ರೆ ನಿಮಗೆ ತಿಳಿಸ್ತೀನ್ರಿ."

ಮಾಲೀಕರು ತಲೆ ಎತ್ತಿದರು. "ಲೇಬಲ್ ಹಚ್ಚಿದ 25 ಕೆಜಿ ಚೀಲ, 30 ಕೆಜಿ ಚೀಲ. ತೆರಿಗೆ?"

"25ಕ್ಕೆ ಶೇ 5. 30ಕ್ಕೆ ಇಲ್ರಿ."

ಆಮೇಲೆ ಬೇರೆ ರಾಜ್ಯಕ್ಕೆ ಹೋದ ಸರಕು ವಾಪಸ್ ಬಂದರೆ ಏನೇನು ಕಾಗದ ಮಾಡಬೇಕು ಅಂತ ಕೇಳಿದರು. ಅದು ಪೂರ್ತಿ ಬರಲಿಲ್ಲ. "ಇದನ್ನ ಓದಿಲ್ರಿ, ಕಲೀತೀನಿ" ಅಂದೆ. ಧ್ವನಿ ನಡುಗಲಿಲ್ಲ. ಗೊತ್ತಿರುವುದು ಗಟ್ಟಿ ಇದ್ದಾಗ ಗೊತ್ತಿಲ್ಲದ್ದನ್ನು ಹೇಳಲು ಭಯ ಆಗುವುದಿಲ್ಲ, ನನಗಾದ ಅನುಭವ ಇದು.

ಎದ್ದು ಬರುವಾಗ ಮೇಜಿನ ಮೇಲೆ ತಟ್ಟೆಯಲ್ಲಿ ತೊಗರಿ ಸ್ಯಾಂಪಲ್ ಇತ್ತು. ಮುನೀಮರು ತಟ್ಟೆ ಮುಂದೆ ಸರಿಸಿ, "ಹೆಂಗದ ನೋಡು" ಅಂದರು. ಒಂದು ಕಾಳು ತೆಗೆದು ಹಲ್ಲಿಗೆ ಇಟ್ಟೆ. ಕಟ್ ಅಂತು.

"ಒಣಗ್ಯಾದ್ರಿ."

"ಇದು ಯಾರು ಕಲಿಸಿದ್ರು?"

"ನಮ್ಮ ಕಾಕಾ. ಗಂಜಿನಾಗ ಹಮಾಲಿ ಮಾಡ್ತಾರ್ರಿ."

ಒಂದನೇ ತಾರೀಖಿನಿಂದ ಬಾ ಅಂದರು. ಅಲ್ಲಿಂದ ಮನೆಗೆ ಹೋಗಲಿಲ್ಲ, ಸೀದಾ ಗಂಜಿಗೆ ಹೋದೆ. ಕಾಕಾ ಲಾರಿಗೆ ಚೀಲ ಏರಿಸುತ್ತಿದ್ದರು. ಬೆನ್ನ ಮೇಲಿನ ಚೀಲ ಇಳಿಯುವವರೆಗೆ ಚಹಾದ ಅಂಗಡಿ ಹತ್ತಿರ ನಿಂತು ಕಾದೆ.