ಮೂರು ನಿಮಿಷಕ್ಕೆ 104 ಸುತ್ತು

ಹಾಡಿನ ತಟ್ಟೆ (ರೆಕಾರ್ಡ್) ತಿರುಗಿಸುವ ನಮ್ಮ ಹಳೇ ಟರ್ನ್‌ಟೇಬಲ್ ಕಡೆಗೂ ಸರಿಯಾಯಿತು! ಬೇರಿಂಗ್ ತೊಳೆದು ಎಣ್ಣೆ ಬಿಟ್ಟಿದ್ದು, ವೈರ್ ಬದಲಿಸಿದ್ದು, ಹೊಸ ಸೂಜಿ ಹಾಕಿದ್ದು ಎಲ್ಲ ಮಾಮೂಲಿ ಕೆಲಸವೇ. ಬೆಲ್ಟ್ ಮಾತ್ರ ಎರಡು ಸಲ ದುಪ್ಪಟ್ಟು ಉದ್ದದ್ದು ಬಂತು. ನಾನು ಬರೆದಿದ್ದು ಸುತ್ತಳತೆ, ಮಾರುವವರು ಓದಿಕೊಂಡಿದ್ದು ಮಡಚಿದ ಉದ್ದ. ಮೂರನೆಯದು ಕೂತಿತು.

ನಿಜವಾದ ತಲೆನೋವು ಆಮೇಲೆ ಶುರುವಾಯಿತು. ಕೆಲವು ದಿನ ಹಾಡು ಸರಿ, ಕೆಲವು ದಿನ ಓಟ. ಅಡುಗೆಮನೆಯಿಂದ ಅಮ್ಮ, "ಏನೋ, ಇವತ್ತು ಹಾಡಿಗೆ ಅಷ್ಟು ಅವಸರ?" ಅಂತ ಕೂಗುತ್ತಿದ್ದರು. ವೇಗ ನೋಡಲು ಸ್ಟ್ರೋಬ್ ಡಿಸ್ಕ್ ಇಟ್ಟೆ. ಅದು ಗೆರೆ ಹಾಕಿದ ತಟ್ಟೆ; ಕರೆಂಟಿನ ಲಯಕ್ಕೆ ಮಿನುಗುವ ದೀಪದ ಕೆಳಗೆ, ವೇಗ ಸರಿ ಇದ್ದರೆ ಗೆರೆಗಳು ನಿಂತಂತೆ ಕಾಣುತ್ತವೆ. ನಿಮಿಷಕ್ಕೆ 33⅓ ಸುತ್ತಿನ ವೇಗಕ್ಕಿರುವ 180 ಗೆರೆಗಳು ಚೋಕ್ ಇರುವ ಹಳೇ ಟ್ಯೂಬ್‌ಲೈಟ್ ಕೆಳಗೆ ಅಲುಗದೆ ನಿಂತಿದ್ದವು. ವೇಗ ಸರಿ ಇದೆ ಅಂತಲೇ ಅರ್ಥ ಅಲ್ವಾ? ಎರಡು ವಾರ ಸುಮ್ನೆ ಬೆಲ್ಟನ್ನೂ ಪುಲ್ಲಿಯನ್ನೂ ಅನುಮಾನಿಸಿದೆ.

ಹಾರ್ಮೋನಿಯಂ ತಂದು ಶ್ರುತಿ ನೋಡಿದೆ. ಸರಿ ಇರುವ ದಿನ ಷಡ್ಜ ಕಪ್ಪು ಒಂದು ಅನ್ನುವ ಮನೆಗೆ ಕೂರುತ್ತಿತ್ತು. ಓಡುವ ದಿನ ಅದು ಕಪ್ಪು ಒಂದನ್ನು ದಾಟಿ ಅದರ ಮುಂದಿನ ಬಿಳಿ ಎರಡರ ಹತ್ತಿರ ಹೋಗುತ್ತಿತ್ತು. ಅಂದರೆ ಕಿವಿ ಸುಳ್ಳು ಹೇಳಿಲ್ಲ, ಸ್ಟ್ರೋಬ್ ಹೇಳಿದೆ.

ರೆಕಾರ್ಡ್ ಕೂರುವ ತಿರುಗು ತಟ್ಟೆಯ (ಪ್ಲ್ಯಾಟರ್) ಅಂಚಿಗೆ ಒಂದು ಕಾಗದದ ಚೂರು ಅಂಟಿಸಿ, ಮೊಬೈಲ್ ಗಡಿಯಾರ ಹಿಡಿದು ಎಣಿಸಿದೆ. 33⅓ ಇದ್ದರೆ ಮೂರು ನಿಮಿಷಕ್ಕೆ ಸರಿಯಾಗಿ 100 ಸುತ್ತು. ಕರೆಂಟ್ ಇದ್ದಾಗ 100. ಮಳೆಗೆ ಮರ ಬಿದ್ದು ಲೈನ್ ಹೋಗಿ ಇನ್ವರ್ಟರ್ ಮೇಲೆ ಓಡಿಸಿದಾಗ 104!

ಸಿಕ್ಕಿಬಿತ್ತು. ನಮ್ಮದು ಸಿಂಕ್ರೊನಸ್ ಮೋಟಾರ್. ಅದರ ವೇಗ ಕರೆಂಟಿನ ಫ್ರೀಕ್ವೆನ್ಸಿಯನ್ನೇ (ಸೆಕೆಂಡಿಗೆ ಎಷ್ಟು ಆವರ್ತ, ಅಂದರೆ ಹರ್ಟ್ಜ್) ಅನುಸರಿಸುತ್ತದೆ. ನಮ್ಮ ಹಳೇ ಇನ್ವರ್ಟರ್ ಕೊಡುತ್ತಿದ್ದದ್ದು 50 ಅಲ್ಲ, 52 ಹರ್ಟ್ಜ್. ಟ್ಯೂಬ್‌ಲೈಟ್ ಮಿನುಗುತ್ತಿದ್ದದ್ದೂ ಅದೇ ಇನ್ವರ್ಟರ್ ಮೇಲೆ. ಮೋಟಾರ್ ಎಷ್ಟು ಜೋರಾಯಿತೋ ದೀಪವೂ ಅಷ್ಟೇ ಜೋರು. ಗೆರೆ ಅಲುಗುವುದಾದರೂ ಹೇಗೆ?

ಪರಿಹಾರ ನಾನು ಮಾಡಿದ ಸರ್ಕ್ಯೂಟ್ ಬೋರ್ಡ್ ಮೇಲಿದೆ: ಮೋಟಾರಿಗೆ ಅದರದೇ 50 ಹರ್ಟ್ಜ್ ಕರೆಂಟ್. 3.2768 ಮೆಗಾಹರ್ಟ್ಜ್ ಕ್ರಿಸ್ಟಲ್, ಅದರ ಫ್ರೀಕ್ವೆನ್ಸಿಯನ್ನು ಭಾಗಿಸುವ ಚಿಪ್‌ಗಳಾದ 4060, ಆಮೇಲೆ 4013. ಒಟ್ಟು 65,536ರಿಂದ ಭಾಗಿಸಿದರೆ ಕರಾರುವಾಕ್ಕಾಗಿ 50. ಅದನ್ನು ಆರ್‌ಸಿ ಫಿಲ್ಟರ್‌ನಲ್ಲಿ ದುಂಡಗೆ ಮಾಡಿ, ಟಿಡಿಎ2030 ಆಂಪ್ಲಿಫೈಯರ್ ಚಿಪ್‌ಗೆ ಕೊಟ್ಟು, ವೋಲ್ಟೇಜ್ ಏರಿಸಲು 9 ವೋಲ್ಟ್ ಟ್ರಾನ್ಸ್‌ಫಾರ್ಮರನ್ನು ಉಲ್ಟಾ ಜೋಡಿಸಿದ್ದೇನೆ. ಆ ಕಡೆ ಹೈ ವೋಲ್ಟೇಜ್, ಡಬ್ಬಿ ಮುಚ್ಚದೆ ಮುಟ್ಟಬೇಡಿ. ಕ್ರಿಸ್ಟಲ್‌ಗೆ ಆರ್ಡರ್ ಮಾಡಿದಾಗ ಮೊದಲು ಬಂದಿದ್ದು ಗಡಿಯಾರದ 32.768 ಕಿಲೋಹರ್ಟ್ಜಿನದು. ಅಂಕಿಗಳು ಅವೇ, ನೂರು ಪಟ್ಟು ಕಡಿಮೆ. ಅವರ ಜೊತೆ ಫೋನಲ್ಲಿ ವಾದ ಮಾಡುವಷ್ಟರಲ್ಲಿ ಸಾಕಾಯಿತು.

ಅಂದ ಹಾಗೆ, ಅಟ್ಟದಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ ಅಜ್ಜನ ಹಳೇ ತಟ್ಟೆಗಳು ಸಿಕ್ಕಿವೆ. ತೀರ್ಥಹಳ್ಳಿ ಮಳೆಗೆ ಬಿಳೀ ಬೂಷ್ಟು ಹತ್ತಿದೆ. ಅವು ಅರಗಿನವು, ಸ್ಪಿರಿಟ್ ಮುಟ್ಟಿಸಿದರೆ ಕರಗುತ್ತವೆ. ಡಿಸ್ಟಿಲ್ಡ್ ವಾಟರ್, ಒಂದು ಹನಿ ಸೋಪು, ಮೆತ್ತನೆ ಬ್ರಷ್, ಅಷ್ಟೇ. ಅಗಲ ತುದಿಯ ಸೂಜಿಯೂ ಬೇಕು. ಮುಂದಿನ ಕೆಲಸ ಅದೇ.

ನಿನ್ನೆ ಕರೆಂಟ್ ಇದ್ದಾಗ ಟ್ಯೂಬ್‌ಲೈಟ್ ಹಾಕಿ ಮತ್ತೆ ಸ್ಟ್ರೋಬ್ ಇಟ್ಟೆ. ಗೆರೆಗಳು ಮೆಲ್ಲಗೆ ಹಿಂದೆ ಸರಿದವು, ನಿಂತವು, ಮುಂದೆ ಸರಿದವು. ಎಣಿಸಿದರೆ 100 ಸುತ್ತೇ. ಮೋಟಾರ್ ಈಗ ಕ್ರಿಸ್ಟಲ್‌ನ 50ರ ಮೇಲೆ, ದೀಪ ಮಾತ್ರ ಲೈನಿನ ಕರೆಂಟ್ ಮೇಲೆ. ಅಂದರೆ ಈಗ ಅಲುಗುತ್ತಿರುವುದು ಗ್ರಿಡ್, ಊರಿಗೆಲ್ಲ ಕರೆಂಟ್ ಕೊಡುವ ಜಾಲ. ಅದು 49.90 ಮತ್ತು 50.05ರ ನಡುವೆ ಓಡಾಡುವುದನ್ನು ನಮ್ಮ ಮನೆಯ ತಟ್ಟೆಯ ಮೇಲೆ ಅರ್ಧ ಗಂಟೆ ನೋಡುತ್ತ ಕೂತಿದ್ದೆ.