ಹೈಲ್ಯಾಂಡ್ಸ್‌ಗೆ ಹಳೇ ಎಂಜಿಬಿ: ಡಿಕ್ಕಿಯಲ್ಲಿ ಏನಿರಬೇಕು, ಏನು ಬೇಡ

ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆ ಹೈಲ್ಯಾಂಡ್ಸ್‌ನಲ್ಲಿ, ಆಪಲ್‌ಕ್ರಾಸ್‌ನಿಂದ ಶೀಲ್ಡೇಗ್ ಕಡೆಗೆ ಸಮುದ್ರದಂಚಲ್ಲೇ ಸುತ್ತಿಕೊಂಡು ಹೋಗುವ ರಸ್ತೆ. ಸಂಜೆ ನಾಲ್ಕೂವರೆ, ಜಿಟಿಜಿಟಿ ಮಳೆ. ಎಡಕ್ಕೆ ನೀರು, ಅದರಾಚೆ ಮಸುಕು ಮಸುಕಾಗಿ ರೋನಾ ದ್ವೀಪ. ನಮ್ಮ 1972ರ ಎಂಜಿಬಿ, ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಇದ್ದಕ್ಕಿದ್ದಂತೆ ನಿಂತಿತು. ಕೆಮ್ಮಲಿಲ್ಲ, ಜಗ್ಗಲಿಲ್ಲ, ಯಾರೋ ಸ್ವಿಚ್ ಆರಿಸಿದ ಹಾಗೆ. ಫೋನಿಗೆ ಸಿಗ್ನಲ್ ಇಲ್ಲ. ಸುತ್ತ ಇದ್ದದ್ದು ಕುರಿಗಳು ಮಾತ್ರ, ಅವೂ ನಮ್ಮ ಕಡೆ ತಿರುಗಿ ನೋಡಲಿಲ್ಲ.

"ಈಗೇನ್ರೀ?" ಅಂದಳು ನನ್ನವಳು.

ಮಲೆನಾಡಿನ ಸಾಗರದಲ್ಲಿ ನಮ್ಮ ಸೋದರಮಾವ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದರು. ಅವರ ಒಂದು ಮಾತು ಆಗ ನೆನಪಾಯಿತು: "ಕೆಮ್ಮಿ ಸತ್ರೆ ಪೆಟ್ರೋಲು, ಕೆಮ್ದೆ ಸತ್ರೆ ಕರೆಂಟು ಮಾರಾಯ." ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಎಂಜಿಬಿಯ 1798 ಸಿಸಿ ಎಂಜಿನ್ನೂ ಒಂದೇ ಮನೆತನದವು, ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ (ಬಿಎಂಸಿ) ಬಿ-ಸೀರೀಸ್. ಹಾಗಾಗಿ ಮಾವನ ಮದ್ದು ಸ್ಕಾಟ್ಲೆಂಡಿನಲ್ಲೂ ನಡೆಯುತ್ತದೆ.

ನಾವು ಹೊರಟದ್ದು ಇಂಗ್ಲೆಂಡಿನ ರೆಡಿಂಗ್‌ನಿಂದ. ಮೊದಲ ದಿನ ಎಂ6 ಹೆದ್ದಾರಿ ಹಿಡಿದು ಪೆನ್ರಿತ್, ಎರಡನೇ ದಿನ ಲೋಕ್ ಲೋಮಂಡ್, ಗ್ಲೆನ್‌ಕೋ ದಾಟಿ ಲೋಕ್‌ಕ್ಯಾರನ್. ಅಲ್ಲಿಂದ ನಾರ್ತ್ ಕೋಸ್ಟ್ 500, ಅಂದರೆ ಇನ್ವರ್ನೆಸ್‌ನಿಂದ ಹೊರಟು ಇನ್ವರ್ನೆಸ್‌ಗೇ ಬರುವ 516 ಮೈಲಿಯ ಸುತ್ತು. ಒಂಬತ್ತು ದಿನದಲ್ಲಿ ಒಟ್ಟು ಸುಮಾರು 1,650 ಮೈಲಿ. ನಿಂತದ್ದು ಮೂರು ಸಲ. ಮೂರೂ ಸಲ ಹೊರಡಿಸಿದ್ದು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಸಾಮಾನು, ಇಲ್ಲವೇ ಒಂದು ಸುತ್ತಿಗೆ. ಡಿಕ್ಕಿಯಲ್ಲಿ ಹೊತ್ತೊಯ್ದ ಹೊಸ ವಾಟರ್ ಪಂಪ್ ಪ್ಯಾಕೆಟ್ ಕೂಡ ಒಡೆಯದೆ ವಾಪಸ್ ಬಂತು.

ಆ ರಸ್ತೆಗೆ ಮರಳುತ್ತೇನೆ. ಮೊದಲು ಕೀ ತಿರುಗಿಸಿ ಕಿವಿಗೊಟ್ಟೆ. ಎಂಜಿಬಿಯಲ್ಲಿ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಎಸ್‌ಯು ಕಂಪನಿಯ ಪಂಪ್ ಕರೆಂಟಿನದು. ಕೀ ತಿರುಗಿಸಿದರೆ ಟಿಕ್ ಟಿಕ್ ಅಂದು, ಕಾರ್ಬ್ಯುರೇಟರ್ ತುಂಬಿದ ಮೇಲೆ ಸುಮ್ಮನಾಗಬೇಕು. ಬಿಡುವಿಲ್ಲದೆ ಟಕಟಕ ಅನ್ನುತ್ತಿದ್ದರೆ ಟ್ಯಾಂಕ್ ಖಾಲಿ ಅಥವಾ ಎಲ್ಲೋ ಗಾಳಿ ಎಳೆಯುತ್ತಿದೆ. ಸದ್ದೇ ಇಲ್ಲದಿದ್ದರೆ ಪಂಪ್ ಹಿಡಿದುಕೊಂಡಿದೆ ಅಥವಾ ಅದಕ್ಕೆ ಕರೆಂಟ್ ಹೋಗುತ್ತಿಲ್ಲ. ನಮ್ಮದು ನಾಲ್ಕು ಸಲ ಟಿಕ್ ಅಂದು ನಿಂತಿತು. ಪೆಟ್ರೋಲ್ ಸರಿ ಇದೆ.

ಇನ್ನು ಕರೆಂಟು. ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ನಿಂದ ಬರುವ ದಪ್ಪ ವೈರಿನ ತುದಿಯನ್ನು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್‌ನಿಂದ ಬಿಡಿಸಿ, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ಎಂಜಿನ್ನಿನ ಕಬ್ಬಿಣದ ಹತ್ತಿರ ತಂದೆ. ಅವಳು ಸೆಲ್ಫ್ ಹೊಡೆದಳು. ಚಟ್ ಚಟ್ ಎಂದು ನೀಲಿ ಕಿಡಿ. ಅಂದರೆ ಕಾಯಿಲ್, ಅದರ ಕರೆಂಟನ್ನು ಕಡಿದು ಸೇರಿಸುವ ಪಾಯಿಂಟ್, ಪಾಯಿಂಟಿನ ಜೊತೆಗಿರುವ ಕಂಡೆನ್ಸರ್ ಎಲ್ಲ ಜೀವಂತ. ಕಿಡಿ ಪ್ಲಗ್ಗಿಗೆ ತಲುಪುತ್ತಿಲ್ಲ ಅಷ್ಟೆ. ಉಳಿದದ್ದು ಎರಡು: ಕ್ಯಾಪ್ ಅಥವಾ ರೋಟರ್ ಆರ್ಮ್.

ರೋಟರ್ ಆರ್ಮ್ ಅಂದರೆ ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುವ ಹೆಬ್ಬೆರಳಿನ ತುದಿಯಷ್ಟು ತುಂಡು. ಮೇಲೊಂದು ಹಿತ್ತಾಳೆ ಪಟ್ಟಿ. ಕಾಯಿಲ್‌ನ ಕಿಡಿಯನ್ನು ಸರದಿ ಪ್ರಕಾರ ನಾಲ್ಕು ಪ್ಲಗ್ಗಿಗೆ ಹಂಚುವುದು ಅದರ ಕೆಲಸ. ಈಗ ಮಾರುಕಟ್ಟೆಗೆ ಬರುವ ಅಗ್ಗದ ನಕಲುಗಳಲ್ಲಿ ಆ ಪಟ್ಟಿಯನ್ನು ಕೂರಿಸಲು ಒಂದು ರಿವೆಟ್ ಹೊಡೆದಿರುತ್ತಾರೆ. ರಿವೆಟ್ಟಿನ ತುದಿಗೂ ಒಳಗಿನ ಶಾಫ್ಟಿಗೂ ನಡುವೆ ಉಳಿಯುವುದು ತೆಳ್ಳನೆ ಪ್ಲಾಸ್ಟಿಕ್ ಪದರ. ಎಂಜಿನ್ ಕಾದಾಗ ಅದು ಸೋಲುತ್ತದೆ, ಕಿಡಿ ಪ್ಲಗ್ಗಿಗೆ ಹೋಗುವ ಬದಲು ಶಾಫ್ಟಿಗೆ ಇಳಿಯುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ತುಂಡು ಹೊಚ್ಚಹೊಸದರಂತೆಯೇ ಇರುತ್ತದೆ. ಪರೀಕ್ಷೆ ಸುಲಭ: ಕ್ಯಾಪ್ ತೆಗೆದು, ಅದೇ ದಪ್ಪ ವೈರನ್ನು ರೋಟರ್‌ನ ಹಿತ್ತಾಳೆಯ ಮೇಲೆ ಮೂರು ನಾಲ್ಕು ಮಿಲಿಮೀಟರ್ ಎತ್ತರದಲ್ಲಿ ಹಿಡಿದು ಸೆಲ್ಫ್ ಹೊಡೆಸಬೇಕು. ಕಿಡಿ ರೋಟರ್‌ಗೆ ಹಾರಿದರೆ ರೋಟರ್ ಸತ್ತಿದೆ. ಅಕ್ಕಪಕ್ಕ ಪೆಟ್ರೋಲ್ ಸೋರಿಲ್ಲ ಅಂತ ನೋಡಿಕೊಂಡೇ ಇದನ್ನೆಲ್ಲ ಮಾಡಿ. ನಮ್ಮದರಲ್ಲಿ ಕಿಡಿ ಹಾರಿತು.

ಬೀಗಿಕೊಂಡು ಪ್ಯಾಕೆಟ್ ಹರಿದು ಹೊಸ ರೋಟರ್ ಹಾಕಿದೆ. ಎಂಜಿನ್ ತಕ್ಷಣ ಶುರುವಾಯಿತು. ಆರು ಮೈಲಿ ಹೋದೆವು. ಮತ್ತೆ ಅದೇ ಕಥೆ, ಈ ಸಲ ಏರಿನ ಮಧ್ಯದಲ್ಲಿ. ಹೊಸದನ್ನೂ ಅದೇ ರೀತಿ ಪರೀಕ್ಷೆ ಮಾಡಿದೆ, ಅದೂ ಸತ್ತಿತ್ತು. ಎರಡೂ ಒಂದೇ ಕಡೆ, ಒಂದೇ ದಿನ ಕೊಂಡವು, ಎರಡಕ್ಕೂ ರಿವೆಟ್.

ಈ ಕಾರು ಕೊಂಡಾಗ ಹಿಂದಿನ ಯಜಮಾನರು, ಎಂಬತ್ತು ದಾಟಿದ ಅಜ್ಜ, ಒಂದು ತುಕ್ಕು ಹಿಡಿದ ತಂಬಾಕಿನ ಡಬ್ಬಿ ಕೊಟ್ಟಿದ್ದರು. ಒಳಗೆ ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಹಳೇ ಪಾಯಿಂಟ್ ಸೆಟ್, ಕಂಡೆನ್ಸರ್, ಒಂದು ರೋಟರ್, ನಾಲ್ಕು ಫ್ಯೂಸು. "ಗುಜರಿ, ಬಿಸಾಕಿ" ಅಂತ ನನ್ನವಳು ಎಷ್ಟೋ ಸಲ ಹೇಳಿದ್ದಳು. ನನಗೂ ಅದು ಗುಜರಿಯಾಗಿಯೇ ಕಂಡಿತ್ತು, ಸೋಮಾರಿತನಕ್ಕೆ ಡಿಕ್ಕಿಯಲ್ಲೇ ಉಳಿದಿತ್ತು. ಆ ರೋಟರ್‌ನ ಹಿತ್ತಾಳೆ ತುದಿ ಕಿಡಿಗೆ ಸುಟ್ಟು ಕಪ್ಪಾಗಿತ್ತು. ಉಗುರಿನಲ್ಲಿ ಕೆರೆದು, ಅಂಗಿಯ ತುದಿಯಲ್ಲಿ ಒರೆಸಿ ಕೂರಿಸಿದೆ. ಮುಂದಿನ ಇಡೀ ಸುತ್ತು, ಆಮೇಲೆ ರೆಡಿಂಗ್‌ವರೆಗೆ, ಅದೇ ಓಡಿತು.

ಅಜ್ಜ ಸಾಮಾನು ಇಟ್ಟುಕೊಳ್ಳುತ್ತಿದ್ದ ಪದ್ಧತಿ ನನಗೆ ಅರ್ಥವಾದದ್ದು ಆಮೇಲೆ. ಹೊಸ ಬಿಡಿಭಾಗ ಕೊಂಡರೆ ಅದನ್ನು ಮನೆಯಲ್ಲೇ ಕಾರಿಗೆ ಹಾಕಿ, ಊರೊಳಗೆ ಒಂದೆರಡು ನೂರು ಮೈಲಿ ಓಡಿಸಿ. ಚೆನ್ನಾಗಿ ಓಡುತ್ತಿದ್ದಾಗಲೇ ಬಿಚ್ಚಿದ ಹಳೆಯದು ಡಬ್ಬಿಗೆ ಹೋಗಲಿ. ಡಬ್ಬಿಯಲ್ಲಿರುವುದು ಓಡಿ ತೋರಿಸಿದ ಸಾಮಾನಾಗಿರಬೇಕು. ಪ್ಯಾಕೆಟ್ಟಿನಲ್ಲಿರುವುದು ಇನ್ನೂ ಪರೀಕ್ಷೆಗೆ ಕೂರದ ಹುಡುಗ. ಇದು ಎಲ್ಲಕ್ಕಿಂತ ಹೆಚ್ಚಾಗಿ ರೋಟರ್‌ಗೂ ಕಂಡೆನ್ಸರ್‌ಗೂ ಅನ್ವಯ. ರೋಟರ್ ಕೊಳ್ಳುವುದಾದರೆ ರಿವೆಟ್ ಇಲ್ಲದ, ಕೆಂಪು ಬಣ್ಣದ್ದು ಸಿಗುತ್ತದೆ, ಅದನ್ನೇ ತನ್ನಿ.

ಪಾಯಿಂಟ್ ಸೆಟ್ ಒಯ್ದರೆ ಸಂದು ಅಳೆಯುವ ಫೀಲರ್ ಗೇಜೂ ಬೇಕು. ಪಾಯಿಂಟ್ ಗ್ಯಾಪ್ 0.015 ಇಂಚು, ಪ್ಲಗ್ ಗ್ಯಾಪ್ 0.025 ಇಂಚು. ಗೇಜ್ ಮರೆತಿದ್ದರೆ ವಿಸಿಟಿಂಗ್ ಕಾರ್ಡ್ ಒಂದನ್ನು ಪಾಯಿಂಟ್ ನಡುವೆ ಇಟ್ಟು ಹೊಂದಿಸಿದರೂ ಗಾಡಿ ಮನೆ ಮುಟ್ಟುತ್ತದೆ. ಒಂದು ಪ್ಲಗ್ ಸಾಕು, ನಾಲ್ಕು ಬೇಡ. ಫ್ಯೂಸಿನಲ್ಲಿ ಒಂದು ಮೋಸವಿದೆ: ಹಳೇ ಬ್ರಿಟಿಷ್ ಗಾಜಿನ ಫ್ಯೂಸ್ ಮೇಲೆ 35 ಆಂಪಿಯರ್ ಎಂದು ಬರೆದಿದ್ದರೆ ಅದು ಸುಟ್ಟುಹೋಗುವ ಲೆಕ್ಕ, ಸತತವಾಗಿ ಹೊರುವುದು 17 ಮಾತ್ರ. ಬೇರೆ ಕಡೆಯ 35ರ ಫ್ಯೂಸ್ ತಂದು ಹಾಕಿದರೆ ಫ್ಯೂಸಿನ ಬದಲು ವೈರಿಂಗ್ ಸುಡುತ್ತದೆ.

ಮೂರನೇ ಸಲ ನಿಂತದ್ದು ಉಲ್ಲಪೂಲ್‌ನಲ್ಲಿ, ಅದೂ ಪೆಟ್ರೋಲ್ ಬಂಕಿನಲ್ಲಿ. ಟ್ಯಾಂಕ್ ತುಂಬಿಸಿ, ಹಣ ಕೊಟ್ಟು ಬಂದು ಕೀ ತಿರುಗಿಸಿದರೆ ಟಿಕ್ ಇಲ್ಲ. ಹಿಂದೆ ಎರಡು ಕ್ಯಾಂಪರ್ ವ್ಯಾನು. ನಮ್ಮ ಕಾರಿನಲ್ಲಿ ಪಂಪ್ ಇರುವುದು ಬಲಗಡೆ ಹಿಂದಿನ ಚಕ್ರದ ಮುಂದೆ, ಅಡಿಯಲ್ಲಿ. ಅದರೊಳಗಿನ ಪಾಯಿಂಟ್ ಆಗಾಗ ಅಂಟಿಕೊಳ್ಳುತ್ತದೆ. ಚಕ್ರ ಬಿಚ್ಚಲು ಒಯ್ದಿದ್ದ ತಾಮ್ರದ ಸುತ್ತಿಗೆಯ ಹಿಡಿಯಿಂದ, ಮಲಗಿದ ಮಗುವನ್ನು ಎಬ್ಬಿಸುವಷ್ಟೇ ಮೆಲ್ಲಗೆ ಎರಡು ಸಲ ತಟ್ಟಿದೆ. ಟಿಕ್ ಟಿಕ್ ಟಿಕ್. ವ್ಯಾನಿನವರು ಚಪ್ಪಾಳೆ ಹೊಡೆದರು. ಅಲ್ಲಿಂದ ಮುಂದೆ ದಿನಕ್ಕೊಮ್ಮೆ ಈ ಸೇವೆ ನಡೆಯಿತು. ಮುಂದಿನ ಸಲ ಓಡಿಸಿ ನೋಡಿದ ಪಂಪ್ ಒಂದನ್ನು ಖಂಡಿತ ಒಯ್ಯುತ್ತೇನೆ, ವಾಟರ್ ಪಂಪ್ ಬಿಟ್ಟ ಜಾಗದಲ್ಲಿ.

ಸುತ್ತಿಗೆಯ ಮುಖ್ಯ ಕೆಲಸ ಬೇರೆ. ನಮ್ಮದು ಕಡ್ಡಿ ಚಕ್ರ, ನಡುವೆ ಒಂದೇ ದೊಡ್ಡ ನಟ್. ಅದನ್ನು ಬಿಚ್ಚುವ ದಿಕ್ಕಿನ ಬಾಣ ನಟ್ ಮೇಲೆಯೇ ಕೆತ್ತಿರುತ್ತದೆ, ಎಡಕ್ಕೂ ಬಲಕ್ಕೂ ಉಲ್ಟಾ. ಬಾಣ ನೋಡದೆ ಹೊಡೆದರೆ ಬಿಚ್ಚುವ ಬದಲು ಬಿಗಿಯುತ್ತೀರಿ. ಕಡ್ಡಿ ಚಕ್ರಕ್ಕೆ ಒಳಗೆ ಟ್ಯೂಬ್ ಇರುತ್ತದೆ, ಆದ್ದರಿಂದ ನೊರೆ ತುಂಬಿಸುವ ಪಂಚರ್ ಡಬ್ಬಿಯನ್ನು ನೆಚ್ಚಿಕೊಳ್ಳಬೇಡಿ. ಸ್ಟೆಪ್ನಿಯ ಗಾಳಿ ನೋಡಿ, ಒಂದು ಟ್ಯೂಬ್ ಇಟ್ಟುಕೊಳ್ಳಿ. ಕಾರಿನ ಜೊತೆ ಬಂದ ಹಳೇ ಜಾಕ್ ಮನೆಯಲ್ಲಿರಲಿ. ಚಿಕ್ಕ ಬಾಟಲ್ ಜಾಕ್, ಅದರ ಕೆಳಗಿಡಲು ಒಂದು ಹಲಗೆ ತುಂಡು ಬೇಕು, ಹೈಲ್ಯಾಂಡ್ಸ್‌ನ ರಸ್ತೆಯಂಚು ಜವುಗು.

ಪಾನಾಗಳು ಇಂಚಿನ ಲೆಕ್ಕದವೇ ಬೇಕು: 7/16, 1/2, 9/16. ಹೆಚ್ಚಿನ ಕೆಲಸ ಈ ಮೂರರಲ್ಲೇ ಮುಗಿಯುತ್ತದೆ. 11 ಮಿಲಿಮೀಟರ್ ಪಾನಾ 7/16ಕ್ಕೆ ಹೇಗೋ ಕೂರುತ್ತದೆ, ಆದರೆ 13ರದ್ದು ಅರ್ಧ ಇಂಚಿನ ನಟ್ಟಿನ ಮೂಲೆ ತಿಂದುಬಿಡುತ್ತದೆ. ಇವುಗಳ ಜೊತೆ ಪ್ಲಗ್ ಪಾನಾ, ಎರಡು ಸ್ಕ್ರೂ ಡ್ರೈವರ್, ಇಕ್ಕಳ, ಟೆಸ್ಟ್ ಲ್ಯಾಂಪ್, ಮೂರು ಮೀಟರ್ ವೈರ್, ಅಂಟು ಟೇಪು, ತೆಳು ತಂತಿ, ಹೋಸ್ ಕ್ಲಿಪ್. ಒಂದು ಫ್ಯಾನ್ ಬೆಲ್ಟ್. ರೇಡಿಯೇಟರಿನ ಮೇಲಿನ ಹೋಸ್. ಆಕ್ಸಿಲರೇಟರ್ ಕೇಬಲ್ ಅಗ್ಗ, ಹಗುರ, ಅದಿಲ್ಲದೆ ಗಾಡಿ ಹೋಗದು, ಹಾಗಾಗಿ ಒಂದು ಇರಲಿ. ಎರಡು ಲೀಟರ್ ನೀರು, ಒಂದು ಲೀಟರ್ 20ಡಬ್ಲ್ಯೂ50 ಎಂಜಿನ್ ಆಯಿಲ್, ಸಣ್ಣ ಬಾಟಲಿ ಬ್ರೇಕ್ ಆಯಿಲ್. ಬ್ರೇಕ್ ಆಯಿಲ್ ಕ್ಲಚ್‌ಗೂ ಬೇಕು, ಹಳೇ ಎಂಜಿಬಿಗಳಲ್ಲಿ ಕ್ಲಚ್ ಸಿಲಿಂಡರ್ ಸೋರುವುದು ಮಾಮೂಲು. ಕ್ಲಚ್ ಪೂರಾ ಕೈಕೊಟ್ಟರೆ, ಮೊದಲ ಗೇರ್‌ನಲ್ಲೇ ಸೆಲ್ಫ್ ಹೊಡೆದು ಹೊರಟು, ಎಂಜಿನ್ ವೇಗ ನೋಡಿಕೊಂಡು ಗೇರ್ ಬದಲಿಸುತ್ತಾ ಗ್ಯಾರೇಜ್ ಸೇರಬಹುದು. ಖಾಲಿ ಜಾಗದಲ್ಲಿ ಮೊದಲೇ ಅಭ್ಯಾಸ ಮಾಡಿ.

ಎಲ್ಲ ಸೇರಿ ಹತ್ತು ಕೆ.ಜಿ. ಒಳಗೆ. ಆದರೆ ಇಡುವ ಜಾಗದಲ್ಲಿ ನಾನು ಎಡವಿದ್ದೆ. ಎಂಜಿಬಿಯ ಡಿಕ್ಕಿ ಚಿಕ್ಕದು, ಅದರಲ್ಲೂ ಅರ್ಧ ಸ್ಟೆಪ್ನಿಗೆ. ಟೂಲ್ ಚೀಲವನ್ನು ತಳದಲ್ಲಿಟ್ಟು ಮೇಲೆ ಬಟ್ಟೆಬರೆ ತುಂಬಿದ್ದೆ. ಪರಿಣಾಮ, ಆ ಮಳೆಯಲ್ಲಿ ಅವಳ ಸೂಟ್‌ಕೇಸ್, ನನ್ನ ಚೀಲ, ಎರಡು ಡಬ್ಬಿ ಚಕ್ಕುಲಿ ಎಲ್ಲ ರಸ್ತೆ ಬದಿಗೆ ಬಂದವು. ಚಕ್ಕುಲಿಯ ವಿಷಯ ಈಗಲೂ ಮನೆಯಲ್ಲಿ ಬರುತ್ತದೆ. ಉಪಕರಣ ಸೀಟಿನ ಹಿಂದೆ ಕೈಗೆ ಸಿಗುವಂತಿರಲಿ. ಅದರ ಜೊತೆ ಹಣೆಗೆ ಕಟ್ಟುವ ಟಾರ್ಚ್, ನೆಲದ ಮೇಲೆ ಮಲಗಲು ಹಳೇ ಯೋಗ ಮ್ಯಾಟ್, ಪ್ರತಿಫಲಿಸುವ ಜಾಕೆಟ್.

ರಸ್ತೆಯ ಬಗ್ಗೆ ಹೇಳುವುದಾದರೆ, ಆಪಲ್‌ಕ್ರಾಸ್‌ಗೆ ಹೋಗುವ ಬಿಯಲಾಖ್ ನ ಬಾ ಘಾಟಿ 626 ಮೀಟರ್ ಏರುತ್ತದೆ, ಕೆಲವೆಡೆ ಐದಡಿಗೆ ಒಂದಡಿ ಏರುವಷ್ಟು ಕಡಿದು. ಗೇಲಿಕ್ ಭಾಷೆಯಲ್ಲಿ ದನಗಳ ಕಣಿವೆದಾರಿ ಎಂದರ್ಥವಂತೆ. ಆಗುಂಬೆ ಇಳಿದವರಿಗೆ ತಿರುವು ಹೊಸದಲ್ಲ, ಆದರೆ ಇಲ್ಲಿ ರಸ್ತೆ ಒಂದೇ ಗಾಡಿಯದು, ಎದುರಿನವರು ಬಂದರೆ ಪಾಸಿಂಗ್ ಪ್ಲೇಸ್ ಅನ್ನುವ ಅಗಲ ಜಾಗದಲ್ಲಿ ನಿಲ್ಲಬೇಕು. ಬೆಳಿಗ್ಗೆ ಎಂಟರೊಳಗೆ ಹತ್ತಿಬಿಡಿ. ಹಳೇ ಎಂಜಿನ್ನಿಗೆ ಏರು ಕಷ್ಟವಲ್ಲ, ಏರಿನ ಮಧ್ಯೆ ಹತ್ತು ಸಲ ನಿಂತು ಹೊರಡುವುದು ಕಷ್ಟ. ಉಷ್ಣತೆಯ ಮುಳ್ಳು ಏರಿದರೆ ಹೀಟರನ್ನು ಪೂರ್ತಿ ತೆರೆಯಿರಿ, ಅದೂ ಒಂದು ಚಿಕ್ಕ ರೇಡಿಯೇಟರ್. ಇಳಿಯುವಾಗ ಎರಡನೇ ಗೇರ್, ಬ್ರೇಕನ್ನು ಕಾಯಿಸಬೇಡಿ.

ಬ್ರಿಟನ್ನಿನಲ್ಲಿ ಸೆಪ್ಟೆಂಬರ್ 2021ರಿಂದ ಮಾಮೂಲು ಪೆಟ್ರೋಲ್ ಅಂದರೆ ಇ10, ಶೇಕಡಾ ಹತ್ತರವರೆಗೆ ಎಥನಾಲ್ ಬೆರೆತದ್ದು. ಅದರ ಎಥನಾಲ್ ಹಳೇ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ, ಆಮೇಲೆ ಬಿರುಕು ಬಿಡಿಸುತ್ತದೆ. ಹೊರಡುವ ಮುನ್ನ ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗಿನ ರಬ್ಬರ್ ಪೈಪುಗಳನ್ನೆಲ್ಲ ಎಥನಾಲ್ ತಡೆದುಕೊಳ್ಳುವ ಆರ್9 ದರ್ಜೆಯದಕ್ಕೆ ಬದಲಿಸಿ, ಒಂದು ಅಡಿ ಹೆಚ್ಚುವರಿ ತುಂಡು ಚೀಲದಲ್ಲಿರಲಿ. ನಾವು ಸಿಕ್ಕಲ್ಲೆಲ್ಲ ಎಥನಾಲ್ ಕಡಿಮೆ ಇರುವ ಇ5 ಸೂಪರ್ ಹಾಕಿಸಿದೆವು, ಆದರೆ ಉತ್ತರದ ಪುಟ್ಟ ಬಂಕುಗಳಲ್ಲಿ ಅದು ಸಿಕ್ಕೇ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಪೆಟ್ರೋಲ್ ಮುಳ್ಳನ್ನೂ ನಂಬಬೇಡಿ. ನಮ್ಮದು ಅರ್ಧ ತೋರಿಸುವಾಗ ಕಾಲು ಇರುತ್ತದೆ. ಮೈಲಿ ಮೀಟರ್ ಸೊನ್ನೆ ಮಾಡಿಕೊಂಡು, 150 ಮೈಲಿ ಆದೊಡನೆ ಯಾವ ಬಂಕ್ ಕಂಡರೂ ತುಂಬಿಸಿದೆವು.

ನಾವು ಹೋದದ್ದು ಸೆಪ್ಟೆಂಬರ್ ಎರಡನೇ ವಾರ. ಅಷ್ಟು ಹೊತ್ತಿಗೆ ಮಿಜ್ ಅನ್ನುವ, ಕಣ್ಣಿಗೆ ಕಾಣದಷ್ಟು ಸಣ್ಣ ಕಚ್ಚುವ ನೊಣ ಕಡಿಮೆಯಾಗುತ್ತದೆ. ಜುಲೈನಲ್ಲಿ ಹೋಗುವವರು ಮುಖಕ್ಕೆ ಹಾಕುವ ಬಲೆಯನ್ನು ಟೂಲ್ ಚೀಲದಲ್ಲೇ ಇಡಿ. ಎರಡೂ ಕೈ ಡಿಸ್ಟ್ರಿಬ್ಯೂಟರ್‌ನಲ್ಲಿರುವಾಗ ಕಚ್ಚಿದರೆ ಓಡಿಸಲು ಮೂರನೇ ಕೈ ಇರುವುದಿಲ್ಲ.